ತಾಯಿಯ ಸಕ್ಕರೆ, ಮಾಸಿನ ಪಾಡು

ಬೆಂಗಳೂರಿನ ರಾತ್ರಿ ಬಸ್ಸುಗಳು ಬೆಳಿಗ್ಗೆ ಬಿಜೈಯ ಸರಕಾರಿ ಬಸ್ ನಿಲ್ದಾಣಕ್ಕೆ ಬಂದು ನಿಂತಾಗ ಇಳಿಯುವವರಲ್ಲಿ ಸೀಮಂತ ಮುಗಿಸಿ ತವರಿಗೆ ಬರುವ ಚೊಚ್ಚಲ ಬಸುರಿಯರೂ ಇರುತ್ತಾರೆ. ಮನೆ ತಲುಪಿದೊಡನೆ ಉಪಚಾರ ಆರಂಭ. "ಇನ್ನೊಂದು ಸೌಟು ಹಾಕಿಸಿಕೋ ಮಗಾ, ಇಬ್ಬರ ಹೊಟ್ಟೆ ತುಂಬಬೇಕಲ್ಲ" ಎಂಬ ಅಮ್ಮನ ಮಾತು ತುಳುವಿನಲ್ಲಿರಲಿ, ಕೊಂಕಣಿಯಲ್ಲಿರಲಿ, ಅರ್ಥ ಒಂದೇ. ಪ್ರೀತಿಯ ಮಾತು, ಸಂಶಯವಿಲ್ಲ. ಆದರೆ ಈ ಇಬ್ಬರ ನಡುವೆ ಮೂರನೆಯದೊಂದು ಇದೆ. ಅದರ ಯೋಗಕ್ಷೇಮ ಕೇಳುವವರಿಲ್ಲ. ಅದೇ ಮಾಸು.

ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಾಸನ್ನು ಹಿತ್ತಿಲಲ್ಲಿ ಹೂಳುತ್ತಿದ್ದರು. ಈಗ ಅದು ಆಸ್ಪತ್ರೆಯ ಹಳದಿ ಚೀಲ ಸೇರುತ್ತದೆ. ಸುಮಾರು ಅರ್ಧ ಕಿಲೋ ತೂಗುವ, ಊಟದ ತಟ್ಟೆಯಷ್ಟು ಅಗಲದ ಈ ಅಂಗ ಅಷ್ಟೂ ತಿಂಗಳು ಮಗುವಿನ ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲವೂ ಆಗಿ ದುಡಿದಿರುತ್ತದೆ. ತಾಯಿಯ ರಕ್ತ ಮಗುವಿನ ರಕ್ತದೊಡನೆ ನೇರವಾಗಿ ಬೆರೆಯುವುದಿಲ್ಲ. ಮಾಸಿನ ಬೇರಿನಂತಹ ಕವಲುಗಳು ತಾಯಿಯ ರಕ್ತದಲ್ಲಿ ಅದ್ದಿಕೊಂಡಿರುತ್ತವೆ. ಅವುಗಳ ತೆಳು ಪೊರೆಯ ಮೂಲಕವೇ ಆಮ್ಲಜನಕ ಮತ್ತು ಆಹಾರಾಂಶ ಒಳಕ್ಕೆ, ಕಲ್ಮಶ ಹೊರಕ್ಕೆ.

ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೆ ಈ ಪೊರೆ ಅದನ್ನು ತಡೆಯಲಾರದು. ಸಕ್ಕರೆ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸಿ, ಬಂದ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ. ಇದಕ್ಕೆ ಆಮ್ಲಜನಕವೂ ಹೆಚ್ಚು ಬೇಕು. ಮಾಸಿನ ಪಾಡು ನೋಡಿದರೆ ಅದು ಗಾತ್ರದಲ್ಲಿ ಉಬ್ಬಿದ್ದರೂ ಕವಲುಗಳು ಸರಿಯಾಗಿ ಬಲಿತಿರುವುದಿಲ್ಲ, ಆಮ್ಲಜನಕ ದಾಟುವುದು ಕಷ್ಟವಾಗುತ್ತದೆ. ಬೇಡಿಕೆ ಏರಿದ ಹೊತ್ತಿಗೇ ಪೂರೈಕೆ ಸೋಲುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದ ಬಸುರಿಯ ಕೊನೆಯ ವಾರಗಳಿಗೆ ವೈದ್ಯರು ಅಂಜುವುದು ಇದಕ್ಕೇ. ಮಗು ಹೊಟ್ಟೆಯಲ್ಲೇ ತೀರಿಹೋಗುವುದೂ ಉಂಟು. ಇನ್ನು ಹಳೆಯ ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕೆಟ್ಟಿದ್ದರೆ ಅಥವಾ ರಕ್ತದೊತ್ತಡ ಏರಿದ್ದರೆ ಇದಕ್ಕೆ ತದ್ವಿರುದ್ಧವಾಗಬಹುದು: ಮಾಸು ಸಣ್ಣದು, ಮಗುವೂ ಬಡಕಲು.

ವಿಚಿತ್ರವೆಂದರೆ, ಸಕ್ಕರೆ ಏರುವುದರಲ್ಲಿ ಮಾಸಿನ ಪಾಲೂ ಇದೆ. ಅದು ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಹಿಂದೆಂದೂ ಸಕ್ಕರೆಯ ತೊಂದರೆ ಇಲ್ಲದವರಲ್ಲೂ 24ರಿಂದ 28ನೇ ವಾರದಲ್ಲಿ ಅದು ಕಾಣಿಸಿಕೊಳ್ಳುವುದು ಹೀಗೆ. ಆದರೆ ಮಾಸಿನ ತಳಪಾಯ ಬೀಳುವುದು ಮೊದಲ ತಿಂಗಳುಗಳಲ್ಲೇ. ಗರ್ಭ ನಿಲ್ಲುವ ಮೊದಲೇ ತೂಕವೋ ಸಕ್ಕರೆಯೋ ಏರಿದ್ದರೆ ಅದರ ಪರಿಣಾಮ ಅಲ್ಲಿಂದಲೇ ಶುರು. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದದ್ದು ಸರಿಯಾಗಿಯೇ ಇದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ನೋಡುತ್ತಾರೆ. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಎಚ್ಚರ. "ತವರಿಗೆ ಹೋದ ಮೇಲೆ ನೋಡಿದರಾಯಿತು" ಎಂದು ಏಳನೇ ತಿಂಗಳವರೆಗೆ ತಳ್ಳುವ ವಿಷಯವಲ್ಲ ಇದು.

ಈ ಬಗ್ಗೆ ನಮ್ಮ ರಾಜ್ಯದಲ್ಲೇ ದೊಡ್ಡ ಅಧ್ಯಯನ ನಡೆದಿದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ 800ಕ್ಕೂ ಹೆಚ್ಚು ಗರ್ಭಿಣಿಯರ ಸಕ್ಕರೆ ಪರೀಕ್ಷಿಸಲಾಯಿತು. ಶೇಕಡಾ 6ರಷ್ಟು ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಅವರ ಶಿಶುಗಳು ಹೆಚ್ಚು ತೂಕ, ಹೆಚ್ಚು ಕೊಬ್ಬು ಹೊತ್ತು ಹುಟ್ಟಿದವು. ಸಂಶೋಧಕರು ಅಷ್ಟಕ್ಕೇ ಬಿಡಲಿಲ್ಲ, ಮಕ್ಕಳ ಬೆನ್ನುಹತ್ತಿದರು. ಒಂಬತ್ತೂವರೆ ವರ್ಷಕ್ಕೆ ನೋಡಿದಾಗ ಅಂತಹ ತಾಯಂದಿರ ಮಕ್ಕಳಲ್ಲಿ ಕೊಬ್ಬೂ ಹೆಚ್ಚು, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದೂ ಕಡಿಮೆ. ತೂಕದ ಮಗು ಕಂಡು ಹಿಗ್ಗುವ ಅಜ್ಜಿಯಂದಿರಿಗೆ ಇದನ್ನು ಹೇಗೆ ಹೇಳುವುದೋ!

ಉಪಾಯವೇನೂ ಘನವಾದುದಲ್ಲ. ಕುಚಲಕ್ಕಿ ಗಂಜಿ ಬಿಡಬೇಕಿಲ್ಲ, ಅಳತೆಯಲ್ಲಿರಲಿ. ಜೊತೆಗೆ ಬೂತಾಯಿಯೋ ಬಂಗುಡೆಯೋ, ಮೀನು ತಿನ್ನದವರಿಗೆ ಹೆಸರು, ಅಲಸಂಡೆ. ಸಂಜೆಯ ಗೋಳಿಬಜೆ, ಸಿಹಿ ಚಹಾ ಕಡಿಮೆಯಾಗಲಿ. ವೈದ್ಯರು ಬೇಡವೆನ್ನದಿದ್ದರೆ ಕದ್ರಿ ಪಾರ್ಕಿನಲ್ಲಿ ಅರ್ಧ ಗಂಟೆ ನಡಿಗೆ. ಹೊಟ್ಟೆಗಿಲ್ಲದೆ ಕೂರುವುದು ಮಾತ್ರ ಸಲ್ಲದು. ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ಔಷಧ ಅಥವಾ ಇನ್ಸುಲಿನ್ ಕೊಡುತ್ತಾರೆ. "ಸೂಜಿಮದ್ದು ಮಗುವಿಗೆ ತಾಗೀತು" ಎಂದು ಹೆದರಿ ಇನ್ಸುಲಿನ್ ತಪ್ಪಿಸುವವರಿದ್ದಾರೆ. ಆದರೆ ಅದು ಮಾಸನ್ನು ದಾಟಿ ಮಗುವನ್ನು ತಲುಪುವಂಥದ್ದಲ್ಲ.

ಮಾಸು ಬಿದ್ದ ಮೇಲೆ ಹೆಚ್ಚಿನವರ ಸಕ್ಕರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕಾಯಿಲೆ ಹೋಯಿತೆಂದು ಮೆಂತೆ ಗಂಜಿಗೆ ಬೆಲ್ಲ ಧಾರಾಳವಾಗಿ ಬೀಳುವುದೂ ಆಗಲೇ. ಆದರೆ ಇವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಬೇರೆಯವರಿಗಿಂತ ಬಹಳ ಹೆಚ್ಚು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಂದು ಪರೀಕ್ಷೆ ಆಗಬೇಕು. ನಲವತ್ತು ದಿನದ ಬಾಣಂತನ ಮುಗಿದು, ಮಗಳನ್ನು ಗಂಡನ ಮನೆಗೆ ಕಳುಹಿಸುವ ತಯಾರಿ ನಡೆಯುವುದೂ ಅದೇ ಹೊತ್ತಿಗೆ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಡುವುದು ಲೇಸು.