ಮುದಿ ಸಿಪಾಯಿಯ ತಪ್ಪೊಪ್ಪಿಗೆ

ಕೊಲೆಯ ಕಥೆಗಳನ್ನು ಸಂಸಾರವಂದಿಗರ ಮನೆಯಲ್ಲಿ ಎಲ್ಲರೂ ಕೂಡಿ ನೋಡಬಹುದೇ ಎಂದು ವಾಚಕ ಸೋದರಿಯೊಬ್ಬರು ನಮ್ಮನ್ನು ಕೇಳಿದ್ದಾರೆ. ಎಲ್ಲವನ್ನೂ ನೋಡಬಹುದೆಂದು ನಾವು ಹೇಳಲಾರೆವು. ರಕ್ತವನ್ನು ತೋರಿಸುವುದಕ್ಕೆಂದೇ ಹುಟ್ಟಿದ ಕಥೆಗಳೂ ಉಂಟು. ಅವುಗಳ ಎದುರಿಗೆ ಊಟದ ತಟ್ಟೆ ಹಿಡಿದು ಕುಳಿತುಕೊಳ್ಳುವುದು ನಮಗಂತೂ ಒಗ್ಗದು. ಆದರೆ ಮೊನ್ನೆ ಭಾನುವಾರ ರಾತ್ರಿ ನಮ್ಮ ಮನೆಯಲ್ಲಿ ನೋಡಿದ ಒಂದು ಹಳೆಯ ಕಂತಿನ ವಿಷಯವನ್ನು ಹೇಳಿದರೆ ಆ ಸೋದರಿಯ ಪ್ರಶ್ನೆಗೆ ಅರ್ಧ ಉತ್ತರವಾದರೂ ದೊರೆತೀತು.

ಅಮೆರಿಕದಲ್ಲಿ 2003ರಲ್ಲಿ ಮೊದಲಾದ ‘ಎನ್‌.ಸಿ.ಐ.ಎಸ್‌.’ ಎಂಬ ಟೆಲಿವಿಷನ್ ಧಾರಾವಾಹಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿನ ನೌಕಾಬಲಕ್ಕೂ ಮೆರೀನ್ ಪಡೆಗೂ ಸಂಬಂಧಪಟ್ಟ ಅಪರಾಧಗಳನ್ನು ವಿಚಾರಿಸುವ ಪತ್ತೇದಾರರ ಕಥೆಯದು. ಅಂಥ ಇಲಾಖೆ ಅಲ್ಲಿ ನಿಜವಾಗಿಯೂ ಉಂಟು. ನಾವು ನೋಡಿದ ‘ಕಾಲ್ ಆಫ್ ಸೈಲೆನ್ಸ್’ ಎಂಬ ಕಂತು 2004ರ ನವೆಂಬರ್ 23ರಂದು ಪ್ರಸಾರವಾದುದು.

ಎರ್ನಿ ಯೋಸ್ಟ್ ಎಂಬ ವೃದ್ಧನೊಬ್ಬನು ಒಂದು ದಿನ ಈ ಕಚೇರಿಗೆ ಬರುತ್ತಾನೆ. ಇವೊ ಜಿಮಾ ದ್ವೀಪದ ಕದನದಲ್ಲಿ ತನ್ನ ಪ್ರಾಣಸ್ನೇಹಿತನಾದ ಜೊತೆ ಸಿಪಾಯಿಯನ್ನು ತಾನೇ ಕೊಂದೆನೆಂದೂ, ತನ್ನನ್ನು ಹಿಡಿದು ಶಿಕ್ಷಿಸಬೇಕೆಂದೂ ಕೇಳಿಕೊಳ್ಳುತ್ತಾನೆ. ನಡೆದು ಅರವತ್ತು ವರ್ಷವಾಗುತ್ತ ಬಂದಿದೆ. ದೂರು ಕೊಟ್ಟವರಿಲ್ಲ, ಸಾಕ್ಷಿಗಳಿಲ್ಲ. ಸಾಮಾನ್ಯವಾಗಿ ಪತ್ತೇದಾರನು ಅಪರಾಧಿಯನ್ನು ಹುಡುಕಿಕೊಂಡು ಹೋಗುವನಷ್ಟೆ? ಇಲ್ಲಿ ಅಪರಾಧಿಯೇ ನಡೆದು ಬಂದಿದ್ದಾನೆ, ಪತ್ತೇದಾರನಿಗೆ ಅದು ಬೇಡವಾಗಿದೆ. ಏಕೆಂದರೆ ಆ ಮುದುಕನ ಬಳಿ ಮೆಡಲ್ ಆಫ್ ಆನರ್ ಇದೆ. ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಶೌರ್ಯಪದಕವಿಲ್ಲ. ಅದನ್ನು ಪಡೆದವನು ಎಷ್ಟೇ ಕೆಳಗಿನ ದರ್ಜೆಯವನಾದರೂ ಮೇಲಿನ ಅಧಿಕಾರಿಗಳೇ ಅವನಿಗೆ ಸೆಲ್ಯೂಟ್ ಮಾಡುವ ವಾಡಿಕೆಯುಂಟು.

ಇವೊ ಜಿಮಾ ಎಂದರೆ ಗಂಧಕದ ದ್ವೀಪ. ಟೋಕಿಯೋದಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೋಮೀಟರು ದೂರ. ಕದನದ ಕಾಲದಲ್ಲಿ ಅದರ ವಿಸ್ತೀರ್ಣ ಸುಮಾರು ಇಪ್ಪತ್ತು ಚದರ ಕಿಲೋಮೀಟರಿದ್ದಿತು, ಅಷ್ಟೆ. 1945ರ ಫೆಬ್ರವರಿ 19ರಂದು ಅಮೆರಿಕದವರು ಅದರ ಕಪ್ಪು ಮರಳಿನ ಮೇಲೆ ಇಳಿದರು. ಜಪಾನೀ ಸೇನಾಪತಿ ಕುರಿಬಯಾಷಿಯು ತನ್ನ ಸುಮಾರು 21,000 ಮಂದಿಯನ್ನು ನೆಲದಡಿಯ ಸುರಂಗಗಳಲ್ಲಿ ಅಡಗಿಸಿಟ್ಟಿದ್ದನು. ಮಾರ್ಚಿ 26ರ ಹೊತ್ತಿಗೆ ಅವರಲ್ಲಿ ಕೆಲವು ನೂರು ಜನರು ಮಾತ್ರ ಸೆರೆಯಾಗಿ ಬದುಕಿದ್ದರು. ಅಮೆರಿಕದ ಕಡೆ ಸತ್ತವರು ಏಳು ಸಾವಿರಕ್ಕೆ ಸಮೀಪ. ಅದೊಂದು ಕದನಕ್ಕೇ 27 ಮೆಡಲ್ ಆಫ್ ಆನರ್‌ಗಳನ್ನು ಕೊಟ್ಟರು. ಸುರಿಬಾಚಿ ಬೆಟ್ಟದ ಮೇಲೆ ಆರು ಮಂದಿ ಧ್ವಜವೆತ್ತುವ ಛಾಯಾಚಿತ್ರವನ್ನು ನೋಡದವರು ವಿರಳ. ಆ ಚಿತ್ರ ತೆಗೆದುದು ಕದನದ ಐದನೆಯ ದಿನ. ಮುಂದೆ ಇನ್ನೂ ಒಂದು ತಿಂಗಳು ಹೊಡೆದಾಟ ನಡೆಯಿತೆಂಬುದನ್ನು ಆ ಚಿತ್ರವು ಹೇಳುವುದಿಲ್ಲ.

ಸರ್ಕಾರದ ವಕೀಲೆಯೊಬ್ಬಳು ಈ ಮುದುಕನ ಮೇಲೆ ಖಟ್ಲೆ ಹೂಡಲು ಹೊರಡುತ್ತಾಳೆ. ಇಲ್ಲಿ ನಮಗೊಂದು ತಕರಾರುಂಟು. 1945ರಲ್ಲಿ ಅಮೆರಿಕದ ಇಂದಿನ ಮಿಲಿಟರಿ ನ್ಯಾಯಸಂಹಿತೆಯೇ ಇರಲಿಲ್ಲ. ಅದು ಜಾರಿಗೆ ಬಂದುದು 1951ರಲ್ಲಿ. ಮೇಲಾಗಿ, ಕೊರಿಯಾದಲ್ಲಿ ಸೇವೆಯಲ್ಲಿದ್ದಾಗ ಕೊಲೆ ಮಾಡಿದನೆಂದು ಆಪಾದಿತನಾದ ಒಬ್ಬ ಮಾಜಿ ವಾಯುಸೈನಿಕನ ಮೊಕದ್ದಮೆಯಲ್ಲಿ, ಸೈನ್ಯದಿಂದ ಬಿಡುಗಡೆ ಹೊಂದಿದವನನ್ನು ಸೇನಾ ನ್ಯಾಯಾಲಯದ ಮುಂದೆ ಎಳೆಯಕೂಡದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1955ರಲ್ಲೇ ತೀರ್ಪು ಕೊಟ್ಟಿದೆ. ಆದ್ದರಿಂದ ವಕೀಲೆಯ ಆರ್ಭಟಕ್ಕೆ ಹುರುಳು ಕಡಿಮೆ. ಕಥೆ ಬರೆದವರು ಇದನ್ನು ಅರಿಯದವರೋ, ಅರಿತೂ ಬದಿಗಿಟ್ಟವರೋ. ಹೇಗಾದರೂ ನಾವು ಅವರನ್ನು ಕ್ಷಮಿಸಿದೆವು. ಮುದುಕನಿಗೆ ಬೇಕಾಗಿದ್ದುದು ನ್ಯಾಯಾಲಯದ ತೀರ್ಪಲ್ಲ. ತಾನು ಮಾಡಿದುದು ಏನು ಎಂಬುದನ್ನು ಯಾರಾದರೂ ಒಬ್ಬರು ಕುಳಿತು ಕೇಳಬೇಕಾಗಿತ್ತು.

ಅವನಿಗೇ ಅದು ಸರಿಯಾಗಿ ನೆನಪಿಲ್ಲ. ಕೊಂದೆನೆಂಬುದು ಗೊತ್ತು, ಏತಕ್ಕೆಂಬುದು ಮುಸುಕಾಗಿದೆ. ತಾನೂ ಹಿಂದೆ ಮೆರೀನ್ ಆಗಿದ್ದ ಗಿಬ್ಸ್ ಎಂಬ ಪತ್ತೇದಾರನು ಮೆಲ್ಲಮೆಲ್ಲನೆ ಅವನನ್ನು ಆ ರಾತ್ರಿಗೆ ಹಿಂದಿರುಗಿಸುತ್ತಾನೆ. ಗಾಯಗೊಂಡ ಸ್ನೇಹಿತನು ನೋವು ತಾಳಲಾರದೆ ಕೂಗುತ್ತಿದ್ದಾನೆ. ಶತ್ರುಗಳು ಕೂಗಳತೆಯಲ್ಲಿದ್ದಾರೆ. ಕೂಗು ಕೇಳಿಸಿದರೆ ಯಾರೂ ಉಳಿಯುವುದಿಲ್ಲ. ಸುಮ್ಮನಾಗಿಸಬೇಕೆಂದು ಹೊಡೆದ ಪೆಟ್ಟು ಪ್ರಾಣವನ್ನೇ ತೆಗೆಯಿತು. ಆ ಯುದ್ಧವು ಅವನಿಗೆ ಪದಕವನ್ನು ಕೊಟ್ಟಿತು. ಈ ಪೆಟ್ಟನ್ನೂ ಕೊಟ್ಟಿತು. ಅರವತ್ತು ವರ್ಷ ಜನರು ಪದಕವನ್ನು ನೋಡಿದರು.

ಇದು ಕೊಲೆಯೇ ಅಲ್ಲವೇ ಎಂದು ನಮ್ಮ ಮನೆಯಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ಮಕ್ಕಳು ಅಲ್ಲವೆಂದರು. ಅತ್ತೆಯವರು ಮಾತ್ರ, “ಆ ಹುಡುಗನ ತಾಯಿಗೆ ಏನೆಂದು ಬರೆದಿರಬಹುದು?” ಎಂದು ಕೇಳಿದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಯೋಸ್ಟನ ಪಾತ್ರ ವಹಿಸಿದವನು ಚಾರ್ಲ್ಸ್ ಡರ್ನಿಂಗ್. ಆತನು ತಾನೇ ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನಲ್ಲಿ ಹೋರಾಡಿ ಗಾಯಗೊಂಡವನು. ಸಿಲ್ವರ್ ಸ್ಟಾರ್ ಪದಕವನ್ನು ಪಡೆದವನು. ಕಂಡುದನ್ನು ಕುರಿತು ಹೆಚ್ಚಾಗಿ ಮಾತನಾಡದೆ ಇದ್ದವನು. ಈ ಅಭಿನಯಕ್ಕಾಗಿ ಆತನ ಹೆಸರು ಎಮ್ಮಿ ಪ್ರಶಸ್ತಿಗೆ ಸೂಚಿತವಾಗಿತ್ತು. 2012ರಲ್ಲಿ ತೀರಿಕೊಂಡನು. ಅವನ ಮುಖವನ್ನು ನೋಡುವಾಗ ನಟನೆ ಎಲ್ಲಿ ಮುಗಿಯಿತು, ಉಳಿದುದು ಎಲ್ಲಿ ತೊಡಗಿತು ಎಂದು ನಾವು ಗುರುತಿಸಲಾರದೆ ಹೋದೆವು.

ಇನ್ನೊಂದು ಸಂಗತಿಯನ್ನು ಹೇಳಬೇಕು. ಆ ರಾತ್ರಿ ನಮ್ಮ ಚಿಕ್ಕಪ್ಪನವರೂ ಮನೆಯಲ್ಲಿದ್ದರು. ಅವರು 1971ರ ಯುದ್ಧಕ್ಕೆ ಹೋಗಿಬಂದವರು. ಹಬ್ಬದ ದಿನ ಮಕ್ಕಳು ಕಾಡಿದರೆ ಸೈನ್ಯದ ಅಡಿಗೆಯವನ ಕಥೆಯನ್ನು ಹೇಳಿ ನಗಿಸುವರು. ಅದರಾಚೆಗೆ ಏನನ್ನೂ ಹೇಳಿದವರಲ್ಲ, ನಾವೂ ಕೇಳಿದವರಲ್ಲ. ಗಾಯಗೊಂಡವನು ಕೂಗುವ ದೃಶ್ಯ ಬಂದೊಡನೆ ಅವರು ಎದ್ದು ಜಗಲಿಗೆ ಹೋದರು. ಸೆಕೆಯೆಂದು ಹೋಗಿರಬೇಕೆಂದುಕೊಂಡೆವು. ಮರುದಿನ ಮಧ್ಯಾಹ್ನ, ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ, ನಮ್ಮ ಬಳಿಗೆ ಬಂದು ಕುಳಿತು, “ನಿನ್ನೆಯದನ್ನು ಇನ್ನೊಮ್ಮೆ ಹಾಕು, ನಾನು ಕೊನೆಯನ್ನು ನೋಡಲಿಲ್ಲ” ಎಂದರು. ಹಾಕಿದೆವು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ಒಂದು ಲೋಟ ನೀರು ಕೇಳಿ ಕುಡಿದು, ನಮಗೆ ಅದುವರೆಗೆ ಗೊತ್ತಿಲ್ಲದ ಒಬ್ಬ ಸಿಪಾಯಿಯ ಹೆಸರನ್ನು ಹೇಳಿ ಮಾತು ತೊಡಗಿದರು.