ಅಮ್ಮನಿಗೊಂದು ಸ್ಲೇಟು ತಂದುಕೊಡಿ

ಮುಡುಕುತೊರೆ ಜಾತ್ರೆಯ ದಿನಗಳು. ಬೆಟ್ಟದ ಕೆಳಗೆ ದನಗಳ ಸಾಲು, ರಸ್ತೆಯ ತುಂಬ ಧೂಳು, ಮನೆಮನೆಯಲ್ಲೂ ನೆಂಟರು. ಅಂಥ ಒಂದು ಮಧ್ಯಾಹ್ನ ಹತ್ತಿರದ ಹಳ್ಳಿಯ 62 ವರ್ಷದ ತಾಯಿಯೊಬ್ಬರನ್ನು ಆಟೋದಲ್ಲಿ ಮಲಗಿಸಿಕೊಂಡು ಕರೆತಂದರು. ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ, ಕರೆದರೆ ಮಾತಿಲ್ಲ. ದೇವರು ಮೈಮೇಲೆ ಬಂದಿರಬಹುದೆಂದು ಮನೆಯವರು ಒಂದು ಗಂಟೆ ಕಾದಿದ್ದರಂತೆ. ಪರೀಕ್ಷಿಸಿದರೆ ರಕ್ತದಲ್ಲಿನ ಸಕ್ಕರೆ 42. ನರಕ್ಕೆ ಗ್ಲೂಕೋಸ್ ಕೊಟ್ಟ ಹತ್ತು ನಿಮಿಷದಲ್ಲಿ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು.

ಆದದ್ದು ಇಷ್ಟೆ. ಅವರ ಚೀಲದಲ್ಲಿ ಎರಡು ಬಗೆಯ ಮಾತ್ರೆಗಳಿದ್ದವು, ಒಂದು ಬಿ.ಪಿ.ಗೆ, ಒಂದು ಸಕ್ಕರೆ ಕಾಯಿಲೆಗೆ. ಎರಡೂ ಬಿಳಿ, ಎರಡೂ ಚಿಕ್ಕವು, ಎರಡರ ಪಟ್ಟಿಯೂ ಬೆಳ್ಳಿ ಬಣ್ಣದ್ದು. ನೆಂಟರಿಗೆ ಅಡುಗೆ ಮಾಡುವ ಗಡಿಬಿಡಿಯಲ್ಲಿ ಬಿ.ಪಿ. ಮಾತ್ರೆಯೆಂದು ಸಕ್ಕರೆ ಮಾತ್ರೆಯನ್ನೇ ಎರಡು ಸಲ ನುಂಗಿ, ಊಟ ತಡಮಾಡಿದ್ದರು. ಈ ಜಾತಿಯ ಮಾತ್ರೆಯಿಂದ ಇಳಿದ ಸಕ್ಕರೆ ಗ್ಲೂಕೋಸ್ ಕೊಟ್ಟು ಏರಿಸಿದ ಮೇಲೂ ಮತ್ತೆ ಇಳಿಯಬಹುದು. ಹಾಗಾಗಿ ಇಡೀ ರಾತ್ರಿ ಅವರನ್ನು ಇಟ್ಟುಕೊಂಡು ನೋಡಬೇಕಾಯಿತು.

ಬೆಳಿಗ್ಗೆ ಮನೆಗೆ ಕಳಿಸುವಾಗ, ಓದು ಬಾರದ ರೋಗಿಗಳಿಗೆ ವರ್ಷಗಳಿಂದ ಮಾಡಿಕೊಂಡು ಬಂದಂತೆ ಒಂದು ಪಟ್ಟಿಯ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರನನ್ನು ಪೆನ್ನಿನಲ್ಲಿ ಬರೆದುಕೊಟ್ಟೆ. ಅವರಿಗೆ ಅದು ಹಿಡಿಸಲಿಲ್ಲ.

"ಸೂರ್ಯ ಚಂದ್ರ ಬರ್ಕೊಡಾಕ ನಾನೇನ್ ಕೂಸಾ? ಅದ್ರ ಮ್ಯಾಲ ಇರ ಅಕ್ಸರ ಏನಂತ ಹೇಳ್ಕೊಡಪ್ಪ" ಎಂದರು.

ಪಕ್ಕದಲ್ಲಿದ್ದ ಮಗ ನಕ್ಕುಬಿಟ್ಟ. "ಈ ವಯಸ್ಸಲ್ಲಿ ಇವಳಿಗ ಅಕ್ಷರ ಯಾಕ ಡಾಕ್ಟ್ರೇ? ನಾವಿಲ್ವಾ?"

ಒಳ್ಳೆಯ ಮಗನೇ. ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವವನು. ಆದರೆ ಆ "ನಾವಿಲ್ವಾ" ಎಂಬ ಮಾತಿನ ಬಗ್ಗೆಯೇ ಈ ವಾರ ಬರೆಯಬೇಕೆನಿಸಿತು. ನಾವಿದ್ದೇವೆ, ನಿಜ. ಆ ಮಧ್ಯಾಹ್ನ ಮಾತ್ರೆ ನುಂಗುವಾಗ ಇರಲಿಲ್ಲ.

ವಯಸ್ಸಾದವರು ಹೊಸದಾಗಿ ಏನನ್ನಾದರೂ ಕಲಿಯುತ್ತೇನೆಂದರೆ ನಮ್ಮಲ್ಲಿ ಎರಡು ಗಾದೆಗಳು ಬಾಯಿಗೆ ಸಿದ್ಧವಾಗಿರುತ್ತವೆ. ಅರವತ್ತಕ್ಕೆ ಅರಳುಮರಳು ಎನ್ನುವುದು ಒಂದು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ನಮ್ಮೂರ ಹೊಳೆಯೇ ಉತ್ತರ. ಕಾವೇರಿ ಇಲ್ಲಿ ಮುರಿದು ತಿರುಗುವುದರಿಂದಲೇ ಊರಿಗೆ ಮುಡುಕುತೊರೆ ಎಂಬ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಹೇಮಾವತಿ, ಲಕ್ಷ್ಮಣತೀರ್ಥಗಳನ್ನು ಕೂಡಿಕೊಂಡು, ತಿರುಮಕೂಡಲಿನಲ್ಲಿ ಕಪಿಲೆಯನ್ನೂ ಸೇರಿಸಿಕೊಂಡು, ಸಾಕಷ್ಟು ದೊಡ್ಡದಾದ ಮೇಲೆಯೇ ಅದು ಹೀಗೆ ತಿರುಗುವುದು. ಇನ್ನು ಅರಳುಮರಳಿನ ಮಾತು. ಅರವತ್ತು ದಾಟಿದ ಬೇಂದ್ರೆಯವರು ಈ ಬೈಗುಳವನ್ನೇ ತಮ್ಮ ಸಂಗ್ರಹದ ಹೆಸರಾಗಿಸಿ, ಮರಳಿ ಅರಳುವುದೆಂಬ ಅರ್ಥ ಹೊಳೆಯುವಂತೆ ಮಾಡಿದರು. 'ಅರಳು ಮರಳು'ವಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕವಿಗಳ ಮಾತು ಹಾಗಿರಲಿ, ವೈದ್ಯಶಾಸ್ತ್ರ ಏನನ್ನುತ್ತದೆ ಎಂದು ನೀವು ಕೇಳಬಹುದು.

ವಯಸ್ಸಾದಂತೆ ಮಿದುಳಿನ ವೇಗ ತಗ್ಗುವುದು ನಿಜ. ಹೆಸರು ನೆನಪಾಗಲು ತಡವಾಗುತ್ತದೆ, ಒಟ್ಟಿಗೆ ಎರಡು ಕೆಲಸ ಮಾಡುವುದು ಕಷ್ಟವಾಗುತ್ತದೆ. ಆದರೆ ವೇಗ ತಗ್ಗುವುದು ಬೇರೆ, ಕಲಿಯುವ ಶಕ್ತಿ ಹೋಗುವುದು ಬೇರೆ. ಪದಸಂಪತ್ತು, ಲೋಕಾನುಭವ, ಒಂದು ವಿಷಯವನ್ನು ಇನ್ನೊಂದಕ್ಕೆ ಜೋಡಿಸಿ ನೋಡುವ ಗುಣ ಬಹುಕಾಲ ಉಳಿಯುತ್ತವೆ, ಕೆಲವರಲ್ಲಿ ಬೆಳೆಯುತ್ತಲೂ ಹೋಗುತ್ತವೆ. 2000ರಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ದಾರಿಗಳ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಉಳಿದವರಿಗಿಂತ ದೊಡ್ಡದಾಗಿತ್ತು. ಹೆಚ್ಚು ವರ್ಷ ಟ್ಯಾಕ್ಸಿ ಓಡಿಸಿದವರಲ್ಲಿ ಇನ್ನೂ ದೊಡ್ಡದು. ದೊಡ್ಡವರಾದ ಮೇಲೂ ಮಿದುಳು ಬಳಕೆಗೆ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಕೈಕೆಲಸದ ಬಗ್ಗೆಯೂ ಒಂದು ಪ್ರಯೋಗವಿದೆ. ಅಮೆರಿಕದಲ್ಲಿ 60ರಿಂದ 90 ವರ್ಷದ 221 ಮಂದಿಯನ್ನು ಗುಂಪು ಮಾಡಿ, ಕೆಲವರಿಗೆ ಕೌದಿ ಹೊಲಿಯುವುದನ್ನು, ಕೆಲವರಿಗೆ ಛಾಯಾಗ್ರಹಣವನ್ನು ಹೊಸದಾಗಿ ಕಲಿಸಿದರು. ವಾರಕ್ಕೆ ಸುಮಾರು 15 ಗಂಟೆ, ಮೂರು ತಿಂಗಳು. ಇನ್ನೊಂದು ಗುಂಪು ಅಷ್ಟೇ ಹೊತ್ತು ಜೊತೆಗೂಡಿ ಹರಟೆ, ವಿಹಾರದಲ್ಲಿ ಕಳೆಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೆನಪಿನ ಶಕ್ತಿ ಸುಧಾರಿಸಿದ್ದು ಹೊಸದನ್ನು ಕಷ್ಟಪಟ್ಟು ಕಲಿತವರಲ್ಲಿ. ಬರೀ ಕಾಲ ಕಳೆಯುವುದು ಸಾಲದು, ಕೊಂಚ ತಿಣುಕಬೇಕು.

ನಮ್ಮ ದೇಶದ್ದೂ ಒಂದು ಹೇಳಬೇಕು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ಕಾಯಿಲೆಯ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ವರದಿ ಮಾಡಿದರು. ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲೇ ಹತ್ತದವರಲ್ಲೂ ಈ ವ್ಯತ್ಯಾಸ ಕಂಡಿತು. 2024ರ ಲ್ಯಾನ್ಸೆಟ್ ಆಯೋಗದ ವರದಿ ಮರೆಗುಳಿಗೆ ದಾರಿಯಾಗುವ 14 ಅಂಶಗಳನ್ನು ಹೆಸರಿಸಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಹೊಗೆಸೊಪ್ಪಿನ ಜೊತೆಗೆ ಕಡಿಮೆ ವಿದ್ಯಾಭ್ಯಾಸ, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿತನ ಇವೂ ಅದರಲ್ಲಿವೆ.

ಹಾಗೆಂದು ಹಾರ್ಮೋನಿಯಂ ಕಲಿತರೆ ಮರೆಗುಳಿ ಬರುವುದೇ ಇಲ್ಲ ಎಂದು ನಾನು ಬರೆದುಕೊಡಲಾರೆ. ಕಾಯಿಲೆ ಒಳಗೊಳಗೇ ಶುರುವಾದವರು ಮೊದಲು ಬಿಡುವುದು ಓದು ಹವ್ಯಾಸಗಳನ್ನೇ. ಹಾಗಾಗಿ ಹವ್ಯಾಸವಿದ್ದವರಲ್ಲಿ ಕಾಯಿಲೆ ಕಡಿಮೆ ಎಂಬ ಲೆಕ್ಕದಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ನೆನಪಿನ ಶಕ್ತಿಗೆಂದು ಮಾರುವ ಟಾನಿಕ್ಕುಗಳಿಗಂತೂ ಇಷ್ಟು ಆಧಾರವೂ ಇಲ್ಲ. ಅವಕ್ಕೆ ತಿಂಗಳು ತಿಂಗಳು ದುಡ್ಡು ಸುರಿಯುವವರು ಒಂದು ಸ್ಲೇಟಿಗೆ ಯಾಕೆ ಹಿಂದೆಮುಂದೆ ನೋಡುತ್ತಾರೋ ತಿಳಿಯದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಿವೃತ್ತ ಮೇಷ್ಟ್ರೊಬ್ಬರನ್ನು ಮನೆಯವರು ಕರೆತಂದಿದ್ದರು. ಮಂಕಾಗಿದ್ದಾರೆ, ಕೇಳಿದ್ದಕ್ಕೆ ಏನೋ ಹೇಳುತ್ತಾರೆ, ದಿನವಿಡೀ ಜಗಲಿಯ ಮೇಲೆ ಕೂತಿರುತ್ತಾರೆ ಎಂಬ ದೂರು. ವಯಸ್ಸಿನ ದೋಷವೆಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟು ಕಳಿಸಿದೆ. ಎರಡು ತಿಂಗಳ ನಂತರ ಮತ್ತೆ ಬಂದಾಗಲೇ ಅವರ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ್ದು. ಎರಡರಲ್ಲೂ ಗುಗ್ಗೆ ಕಲ್ಲಾಗಿ ಕೂತಿತ್ತು. ತೆಗೆದ ಮೇಲೆ ಮಾತು ಸರಿಯಾಯಿತು, ಮುಖದ ಮಂಕು ಹೋಗಲಿಲ್ಲ. ಅದು ಖಿನ್ನತೆ. ಮಾತ್ರೆಯ ಜೊತೆಗೆ, ಮೊದಲು ಯಾವುದರಲ್ಲಿ ಆಸೆಯಿತ್ತು ಎಂದು ಕೇಳಿದೆ. ಹರೆಯದಲ್ಲಿ ಊರಿನ 'ಕುರುಕ್ಷೇತ್ರ' ನಾಟಕಕ್ಕೆ ಹಾರ್ಮೋನಿಯಂ ನುಡಿಸಿದ್ದರಂತೆ. ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಈಗ ಸೊಸೆ ಬಂದು, ಬೆಳಿಗ್ಗೆ ಐದಕ್ಕೇ ಶುರುಮಾಡುತ್ತಾರೆ, ಅದಕ್ಕೇನಾದರೂ ಮಾತ್ರೆ ಕೊಡಿ ಎನ್ನುತ್ತಾರೆ!

ಆದ್ದರಿಂದ ಮನೆಯ ಹಿರಿಯರು ಮರೆಯುತ್ತಾರೆ, ಮಂಕಾಗಿದ್ದಾರೆ ಎಂದಾಗ ಅರಳುಮರಳೆಂದು ತಳ್ಳಿಹಾಕಬೇಡಿ. ಥೈರಾಯ್ಡ್ ಕೊರತೆ, ಬಿ-12 ಕೊರತೆ, ಖಿನ್ನತೆ, ನಿದ್ರೆ ಮಾತ್ರೆಗಳು ಇವೆಲ್ಲ ಮರೆವು ತರುತ್ತವೆ, ಇವೆಲ್ಲಕ್ಕೂ ಪರಿಹಾರವಿದೆ. ನಾವು ವೈದ್ಯರು ನೆನಪಿನ ಪರೀಕ್ಷೆಯೆಂದು ನೂರರಿಂದ ಏಳೇಳು ಕಳೆಯಲು, ಒಂದು ವಾಕ್ಯ ಬರೆಯಲು ಹೇಳುತ್ತೇವೆ. ಶಾಲೆಗೆ ಹೋಗದವರು ಅದರಲ್ಲಿ ಸೋತರೆ ಅದು ಕಾಯಿಲೆಯಲ್ಲ. ನಮ್ಮ ಸೀಮೆಯ ನೀಲಗಾರರಲ್ಲಿ ಎಷ್ಟೋ ಜನ ಅಕ್ಷರ ಕಲಿತವರಲ್ಲ. ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡಬಲ್ಲ ಅವರ ನೆನಪನ್ನು ಅಳೆಯುವ ಪರೀಕ್ಷೆ ನನ್ನ ಬಳಿ ಇಲ್ಲ.

ಕಲಿಯಲು ಕೂರುವ ಮುಂಚೆ ಕಣ್ಣು ಪರೀಕ್ಷೆಯಾಗಲಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಬರುವಂಥದು. ಅಕ್ಷರ ತಲೆಗೆ ಹತ್ತುತ್ತಿಲ್ಲ ಎಂದು ಬಿಟ್ಟವರಲ್ಲಿ ಹಲವರಿಗೆ ಅಕ್ಷರ ಕಾಣುತ್ತಲೇ ಇರಲಿಲ್ಲ. ಅಸ್ಸಾಮಿನ ಚಹಾ ತೋಟದಲ್ಲಿ 40 ದಾಟಿದ ಕೆಲಸಗಾರರಿಗೆ ಹತ್ತಿರ ನೋಡುವ ಕನ್ನಡಕ ಕೊಟ್ಟು ನೋಡಿದರು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಅವರ ಎಲೆ ಕೀಳುವ ಕೆಲಸ ಸುಮಾರು ಶೇ 22ರಷ್ಟು ಹೆಚ್ಚಾಯಿತೆಂದು 2018ರಲ್ಲಿ ಪ್ರಕಟವಾಯಿತು. ಒಂದು ಸಾಮಾನ್ಯ ಕನ್ನಡಕದಿಂದ! (ಈ ಪತ್ರಿಕೆಯ ಅಕ್ಷರವೂ ಚಿಕ್ಕದೇ. ಸಂಪಾದಕರು ಬೇಸರಿಸಬಾರದು.) ಪೊರೆ ಬಂದಿದ್ದರೆ ತೆಗೆಸಿ. ಮಂಡಿನೋವಿದ್ದವರನ್ನು ನೆಲದ ಮೇಲೆ ಕೂರಿಸಬೇಡಿ, ಕುರ್ಚಿ ಮೇಜು ಕೊಡಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ. ರಾತ್ರಿ ಊಟವಾದ ಮೇಲೆ ಮಂದ ದೀಪದಲ್ಲಿ ಕಲಿತದ್ದು ನಿಲ್ಲುವುದಿಲ್ಲ, ಬೆಳಕಿರುವಾಗ ದಿನಕ್ಕೆ ಅರ್ಧ ಗಂಟೆ ಸಾಕು. ಇಂದು ಕಲಿತದ್ದನ್ನು ನಾಳೆ ಒಮ್ಮೆ, ವಾರ ಬಿಟ್ಟು ಒಮ್ಮೆ ತಿರುವಿಹಾಕಬೇಕು. ಬೆರಳ ಗಂಟು ಹಿಡಿದಿರುವವರು ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿಕೊಂಡು ಆಮೇಲೆ ಕಸೂತಿಗೋ ಬುಟ್ಟಿ ಹೆಣೆಯುವುದಕ್ಕೋ ಕೂರಲಿ.

ದೊಡ್ಡವರ ಕಲಿಕೆ ನಮ್ಮ ಜಿಲ್ಲೆಗೆ ಹೊಸದಲ್ಲ. 1940ರ ದಶಕದಲ್ಲಿ ಮೈಸೂರಿನಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ಊರೂರಿನಲ್ಲಿ ರಾತ್ರಿ ಶಾಲೆ ನಡೆಸಿತು, ಹೊಸದಾಗಿ ಓದು ಕಲಿತವರಿಗೆಂದೇ 'ಬೆಳಕು' ಪತ್ರಿಕೆ ತಂದಿತು, ಡೆನ್ಮಾರ್ಕಿನ ಮಾದರಿ ನೋಡಿ ನಂಜನಗೂಡಿನಲ್ಲಿ ವಿದ್ಯಾಪೀಠ ಕಟ್ಟಿತು. ಅದೇ ತಾಲೂಕಿನ ಬದನವಾಳಿಗೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಅಲ್ಲಿ ಹೆಂಗಸರು ರಾಟೆ ಹಿಡಿದು ನೂಲು ತೆಗೆಯುತ್ತಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಅಲ್ಲಿಂದಲೇ ಕೈಕೆಲಸದ ಬದುಕಿನ ಪರವಾಗಿ ಸತ್ಯಾಗ್ರಹ ಮಾಡಿದರು. ಪದವಿ ಬೇಕೆನ್ನುವವರಿಗೆ 1996ರಲ್ಲಿ ಮೈಸೂರಿನಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂದಿದೆ. ನೆರೆಯ ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು.

ಹಾಗಾದರೆ ಅಡ್ಡಿ ಏನು? ನನ್ನ ಅನುಭವದಲ್ಲಿ ವಯಸ್ಸಲ್ಲ, ಬಿಡುವು. ಗಂಡಸರಿಗೆ ನಿವೃತ್ತಿ ಎಂಬುದೊಂದಿದೆ. ಹೆಂಗಸರಿಗೆ ಇಲ್ಲ. ಮಕ್ಕಳ ಮದುವೆ ಮುಗಿಯಿತು ಎನ್ನುವಷ್ಟರಲ್ಲಿ ಮೊಮ್ಮಕ್ಕಳು ಮಡಿಲಿಗೆ ಬಂದಿರುತ್ತಾರೆ. ಅಮ್ಮನಿಗೆ ಕಲಿಯುವ ಆಸೆ ಇಲ್ಲ ಎನ್ನುವ ಮಕ್ಕಳನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಅವರು ಹಗಲು ಹೊತ್ತಿನಲ್ಲಿ ಕೂರುವುದನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? ದಿನಕ್ಕೆ ಒಂದು ಗಂಟೆ ಒಲೆಯನ್ನೂ ಕೂಸನ್ನೂ ಬೇರೆಯವರು ನೋಡಿಕೊಳ್ಳಲಿ. ಆ ಗಂಟೆಯಲ್ಲಿ ಯಾರೂ ನಗಬಾರದು.

ಇನ್ನೆರಡು ಬೇಡಿಕೆಗಳಿವೆ. ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆಯನ್ನು ಹಿರಿಯರಿಗೆಂದೇ ಮೀಸಲಿಡಲಿ, ದಪ್ಪ ಅಕ್ಷರದ ಪುಸ್ತಕ ಮತ್ತು ಬೆನ್ನಿಗೆ ಆಸರೆಯಿರುವ ಕುರ್ಚಿ ಇರಲಿ. ಇನ್ನೊಂದು, ಮಾತ್ರೆಯ ಪಟ್ಟಿಯ ಮೇಲೆ ಹೆಸರನ್ನು ಕನ್ನಡದಲ್ಲೂ ಅಚ್ಚು ಹಾಕಲಿ. ಆ ತಾಯಿ ಅಕ್ಷರ ಕಲಿತರೂ ಪಟ್ಟಿ ಓದಲಾರರು, ಅದರ ಮೇಲಿರುವುದು ಇಂಗ್ಲಿಷು. ಸದ್ಯಕ್ಕೆ ನಾನೇ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿಕೊಡುತ್ತಿದ್ದೇನೆ. ವೈದ್ಯರ ಕೈಬರಹ ಎಂಥದೆಂದು ನಿಮಗೆ ಗೊತ್ತು.

ಹೌದು, ಅವರು ಕಲಿಯುತ್ತಿದ್ದಾರೆ. ಮೂರನೇ ತರಗತಿಯ ಮೊಮ್ಮಗಳೇ ಮೇಷ್ಟ್ರು. ನಡುವೆ ನಾಟಿ ಸಮಯದಲ್ಲಿ ಎರಡು ತಿಂಗಳು ನಿಂತುಹೋಗಿತ್ತು, ಆಮೇಲೆ ಕನ್ನಡಕ ಮುರಿದು ಒಂದು ತಿಂಗಳು. ಗಂಡ ಮೊದಮೊದಲು ಕಾಲೇಜು ಯಾವಾಗ ಎಂದು ಹಂಗಿಸುತ್ತಿದ್ದರಂತೆ, ಈಗ ಸುಮ್ಮನಾಗಿದ್ದಾರೆ. ಬಿ.ಪಿ., ಸಕ್ಕರೆ ಎಂದು ಬರೆದ ಚೀಟಿಗಳನ್ನು ಅವರು ತಪ್ಪಿಲ್ಲದೆ ಓದುತ್ತಾರೆ. ಅಂದಿನಿಂದ ಮಾತ್ರೆ ಅದಲುಬದಲಾಗಿಲ್ಲ.

ಹೋದ ಸಲ ಬಂದಾಗ ಬೇರೊಂದು ತಕರಾರು ತಂದಿದ್ದರು. ಬೆಟ್ಟದ ದೇವಸ್ಥಾನದಲ್ಲಿ ಬರೆದಿರುವ ದೇವರ ಹೆಸರನ್ನು ಓದಲು ಹೋಗಿ ಅರ್ಧದಲ್ಲೇ ನಿಂತರಂತೆ. "ಎಲ್ಲ ಬತ್ತದ, ನಡುವ ಒಂದು ಕೊಕ್ಕ ಅದಲ್ಲ, ಅದೇನಪ್ಪ?" ಎಂದರು. ಮಲ್ಲಿಕಾರ್ಜುನ ಎಂಬ ಹೆಸರಿನಲ್ಲಿ ಒತ್ತಕ್ಷರವೂ ಇದೆ, ಅರ್ಕಾವತ್ತೂ ಇದೆ. ನಾನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಜೊತೆಗಿದ್ದ ಮೊಮ್ಮಗಳು ತಡೆದಳು. ಅದು ಮುಂದಿನ ಪಾಠವಂತೆ, ಈಗಲೇ ಹೇಳಿಕೊಡಬಾರದಂತೆ.