ಗೆದ್ದ ಮೇಲೂ ಗೊಣಗುವವರು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಗೆದ್ದಾಯ್ತಲ್ಲ ಸಾರ್, ಹೇಗೆ ಗೆದ್ದರು ಅಂತ ಯಾಕೆ ಕೆದಕಬೇಕು?" ಎಂದು ಕೇಳಿದ. ಮಾತು ಕ್ರಿಕೆಟ್ಟಿನದಾಗಿತ್ತು. ಯಾವ ಪಂದ್ಯವೆಂಬುದು ಇಲ್ಲಿ ಮುಖ್ಯವಲ್ಲ. ಮಗಳು ಊಟಕ್ಕೆ ಕರೆದ ನೆಪದಲ್ಲಿ ನಾನು ಮಾತು ಮುಗಿಸಿದೆ. ಆದರೆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ರಾತ್ರಿ ಮಲಗಿದಾಗ ನೆನಪಾದದ್ದು ಕ್ರಿಕೆಟ್ ಅಲ್ಲ, ರಗ್ಬಿ! ಈ ಮೇಷ್ಟ್ರಿಗೂ ರಗ್ಬಿಗೂ ಏನು ಸಂಬಂಧವೆಂದು ನೀವು ನಗಬಹುದು. ಸಂಬಂಧ ಒಂದೇ ಒಂದು ಪಂದ್ಯದ್ದು.

2011ರ ಅಕ್ಟೋಬರ್ ತಿಂಗಳಿನಲ್ಲಿ ನಾನೂ ನನ್ನ ಶ್ರೀಮತಿಯೂ ಆಗ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿದ್ದ ಮಗಳ ಮನೆಗೆ ಹೋಗಿದ್ದೆವು. ಮನೆ ಸ್ಯಾಂಡ್ರಿಂಗ್‌ಹ್ಯಾಮ್ ಬಡಾವಣೆಯಲ್ಲಿ, ಈಡನ್ ಪಾರ್ಕ್ ಕ್ರೀಡಾಂಗಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಕ್ರಿಕೆಟ್ ಪ್ರಿಯರಾದ ನಿಮಗೆ ಆ ಮೈದಾನ ಪರಿಚಿತವೇ. 2015ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಗ್ರಾಂಟ್ ಎಲಿಯಟ್ ಸಿಕ್ಸರ್ ಹೊಡೆದು ದಕ್ಷಿಣ ಆಫ್ರಿಕಾವನ್ನು ಮನೆಗೆ ಕಳಿಸಿದ್ದು ಅಲ್ಲಿಯೇ. ನಾವು ಹೋದಾಗ ರಗ್ಬಿ ವಿಶ್ವಕಪ್ ನಡೆಯುತ್ತಿತ್ತು. ಮನೆಮನೆಯ ಕಿಟಕಿಯಲ್ಲೂ ಕಾರುಗಳ ಮೇಲೂ ಕಪ್ಪು ಬಾವುಟ. ಕಪ್ಪು ಬಾವುಟವೆಂದರೆ ಪ್ರತಿಭಟನೆಯೆಂದೇ ತಿಳಿದಿದ್ದ ನಾನು ಮೊದಲ ದಿನ ಗಾಬರಿಯಾಗಿದ್ದೆ!

ಆಟದ ಬಗ್ಗೆ ಎರಡು ಮಾತು ಹೇಳಬೇಕು. ತಂಡಕ್ಕೆ ಹದಿನೈದು ಜನ, ಎಂಬತ್ತು ನಿಮಿಷದ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಜೊತೆಗಾರನಿಗೆ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಎಸೆಯಬೇಕು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಒದೆಯುವ ಅವಕಾಶ. ಅದು ಕನ್ವರ್ಷನ್, ಎರಡು ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಒದೆತಕ್ಕೆ ಮೂರು. ಕಬಡ್ಡಿ ನೋಡಿ ಬೆಳೆದ ನಮಗೆ ಹಿಡಿತ ಬಿಡಿತಗಳು ಹೊಸದೇನಲ್ಲ. ಒಬ್ಬರ ಮೇಲೊಬ್ಬರು ಬೀಳುವ ರಾಶಿಯನ್ನು ನೋಡಿ ಮಾತ್ರ ನನ್ನ ಶ್ರೀಮತಿ ಒಳಗೆ ಎದ್ದು ಹೋದಳು.

ಅಕ್ಟೋಬರ್ 23, ಭಾನುವಾರ ರಾತ್ರಿ ಫೈನಲ್. ಆಲ್ ಬ್ಲ್ಯಾಕ್ಸ್ ಎಂದು ಕರೆಸಿಕೊಳ್ಳುವ ನ್ಯೂಜಿಲೆಂಡ್ ತಂಡ 1987ರಲ್ಲಿ ಇದೇ ಮೈದಾನದಲ್ಲಿ, ಇದೇ ಫ್ರಾನ್ಸನ್ನು 29-9ರಿಂದ ಸೋಲಿಸಿ ಮೊದಲ ವಿಶ್ವಕಪ್ ಗೆದ್ದಿತ್ತು. ಆಮೇಲೆ ಇಪ್ಪತ್ತನಾಲ್ಕು ವರ್ಷ ಬರಿಗೈ. ಆ ವರ್ಷವಂತೂ ದೇಶಕ್ಕೆ ದುಃಖದ ವರ್ಷ. ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್ ನಗರದಲ್ಲಿ ಭೂಕಂಪವಾಗಿ 185 ಜನ ತೀರಿಕೊಂಡಿದ್ದರು. ಅಲ್ಲಿ ನಡೆಯಬೇಕಾಗಿದ್ದ ಪಂದ್ಯಗಳನ್ನು ಬೇರೆ ಊರುಗಳಿಗೆ ಸಾಗಿಸಿದ್ದರು. ಸುಮಾರು 44 ಲಕ್ಷ ಜನರ ಒಂದು ದೇಶ ಆ ರಾತ್ರಿ ಉಸಿರು ಬಿಗಿಹಿಡಿದು ಕೂತಿತ್ತು.

ನಾವು ಪಂದ್ಯ ನೋಡಿದ್ದು ಪಕ್ಕದ ಮನೆಯಲ್ಲಿ. ಮನೆಯ ಯಜಮಾನ ನನಗಿಂತ ನಾಲ್ಕೈದು ವರ್ಷ ಹಿರಿಯ, ನಿವೃತ್ತ ಬಡಗಿ, ವಾರಕ್ಕೊಮ್ಮೆ ಮಗಳ ಮನೆಗೆ ನಿಂಬೆಹಣ್ಣು ತಂದುಕೊಡುತ್ತಿದ್ದ ಸಜ್ಜನ. ಟಿವಿಯಲ್ಲಿ ಚಿತ್ರ ಬರುವ ಮೊದಲೇ ಮೈದಾನದ ಕೂಗು ಕಿಟಕಿಯಿಂದ ಕೇಳಿಸುತ್ತಿತ್ತು! ಹೀಗಾಗಿ ಏನೋ ಆಯಿತೆಂದು ಮೊದಲು ತಿಳಿಯುತ್ತಿತ್ತು, ಏನಾಯಿತೆಂದು ಆಮೇಲೆ.

ಫ್ರಾನ್ಸ್ ಆ ಸಲ ಟೋಂಗಾದಂತಹ ಸಣ್ಣ ದೇಶಕ್ಕೆ ಸೋತಿತ್ತು. ನ್ಯೂಜಿಲೆಂಡಿನ ಕೈಯಲ್ಲೂ ಆಗಲೇ ಒಮ್ಮೆ 37-17ರಿಂದ ಪೆಟ್ಟು ತಿಂದಿತ್ತು. ಫೈನಲ್ ಸುಲಭದ ತುತ್ತೆಂದೇ ಎಲ್ಲರ ಎಣಿಕೆ. ಹಾಗಾಗಲಿಲ್ಲ. ಟೋನಿ ವುಡ್‌ಕಾಕ್ ಒಂದು ಟ್ರೈ ಗಳಿಸಿದ ನಿಜ. ಆದರೆ ಅದರ ಕನ್ವರ್ಷನ್ನನ್ನೂ ಎರಡು ಪೆನಾಲ್ಟಿಗಳನ್ನೂ ಪಿರಿ ವೀಪು ತಪ್ಪಿಸಿದ. ದ್ವಿತೀಯಾರ್ಧದ ಆರಂಭದಲ್ಲಿ ಒಂದು ಪೆನಾಲ್ಟಿಯಿಂದ ಸ್ಕೋರು 8-0 ಆಯಿತು. ಮರುಕ್ಷಣವೇ ಎಂಬಂತೆ ಫ್ರಾನ್ಸಿನ ನಾಯಕ ಥಿಯೆರಿ ದ್ಯುಸೊತ್ವಾರ್ ಟ್ರೈ ಗಳಿಸಿದ. ಕನ್ವರ್ಷನ್ ಸೇರಿ 8-7. ಮುಂದಿನ ಅರ್ಧ ಗಂಟೆ ಅಂಕಪಟ್ಟಿ ಅಲುಗಲಿಲ್ಲ. ಫ್ರಾನ್ಸ್ ದೂರದಿಂದ ಒದ್ದ ಒಂದು ಪೆನಾಲ್ಟಿ ಕಂಬದ ಹೊರಗೆ ಹೋಯಿತು. ಒಳಗೆ ಹೋಗಿದ್ದರೆ 10-8. ನಮ್ಮ ಬಡಗಿ ಆ ಅರ್ಧ ಗಂಟೆ ಕುರ್ಚಿಯಲ್ಲಿ ಕೂರಲೇ ಇಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಪಂದ್ಯ ಮುಗಿದಾಗ ಅವನ ಕಣ್ಣಲ್ಲಿ ನೀರು.

ಮಾರನೆಯ ದಿನ ಸೋಮವಾರ, ಅಲ್ಲಿ ಕಾರ್ಮಿಕ ದಿನದ ಸರ್ಕಾರಿ ರಜೆ. ಊರೊಳಗೆ ತಂಡದ ವಿಜಯಯಾತ್ರೆ. ಮಗಳು ಎರಡು ದಿನ ಬಿಟ್ಟು ಬರುವ ದೀಪಾವಳಿಗೆ ಸಾಮಾನು ತರಲು ಸ್ಯಾಂಡ್ರಿಂಗ್‌ಹ್ಯಾಮ್ ರಸ್ತೆಯ ಅಂಗಡಿಗಳಿಗೆ ಹೊರಟಾಗ ನಾನೂ ಹೋದೆ. ಎಲ್ಲೆಲ್ಲೂ ಜಯಘೋಷವನ್ನು ನಿರೀಕ್ಷಿಸಿದ್ದೆ. ಕೇಳಿಸಿದ್ದು ಚರ್ಚೆ! ಬೇಕರಿಯ ಮುಂದೆ ನಿಂತ ನಾಲ್ವರಲ್ಲಿ ಒಬ್ಬ, ದ್ವಿತೀಯಾರ್ಧವಿಡೀ ಆಟ ಫ್ರಾನ್ಸಿನದೇ ಆಗಿತ್ತೆಂದ. ಇನ್ನೊಬ್ಬ, ನಮ್ಮವರು ಒಂದಂಕದ ಮುನ್ನಡೆಯನ್ನು ಅಜ್ಜಿಯ ಒಡವೆಯಂತೆ ಬಚ್ಚಿಟ್ಟುಕೊಂಡು ಕೂತರು, ಆಡಲಿಲ್ಲ ಎಂದ. ಮತ್ತೊಬ್ಬನಿಗೆ ರೆಫರಿ ಕ್ರೇಗ್ ಜೂಬೇರ್ ಕೊನೆಯಲ್ಲಿ ತಮ್ಮವರ ಕೆಲವು ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟರೆಂಬ ಸಂಶಯ. ಗಮನಿಸಿ, ಇದು ಫ್ರೆಂಚರ ದೂರಲ್ಲ (ಅವರೂ ದೂರಿದರು), ಗೆದ್ದವರ ದೂರು. ನಾಲ್ಕನೆಯವನು, ಇಷ್ಟು ವರ್ಷ ಕಾದು ಬಂದ ಕಪ್ಪನ್ನು ಒಂದು ದಿನವಾದರೂ ಸುಮ್ಮನೆ ನೋಡೋಣ ಎಂದು ಅಂಗಲಾಚುತ್ತಿದ್ದ.

ಸಂಜೆ ನಮ್ಮ ಬಡಗಿಯದೂ ಅದೇ ರಾಗ. ನಿಂಬೆಗಿಡದ ಬಳಿ ನಿಂತು ಲೆಕ್ಕ ಒಪ್ಪಿಸಿದ. ವೀಪು ತಪ್ಪಿಸಿದ ಒದೆತಗಳ ಬೆಲೆ ಎರಡು, ಮೂರು, ಮೂರು, ಒಟ್ಟು ಎಂಟು. ತಂಡ ಗಳಿಸಿದ್ದೂ ಎಂಟೇ. ಇದೇ ವೀಪು ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾದ ವಿರುದ್ಧ ಏಳು ಪೆನಾಲ್ಟಿಗಳನ್ನು ಒದ್ದು ದೇಶದ ಕಣ್ಮಣಿಯಾದವನು. "ಅವನನ್ನು ಬಯ್ಯುತ್ತಿಲ್ಲ, ಆದರೆ ಮೊದಲೆರಡು ತಪ್ಪಿದ ಮೇಲೆ ಒದೆಯುವ ಕೆಲಸವನ್ನು ಇನ್ನೊಬ್ಬನಿಗೆ ಕೊಡಬೇಕೆಂದು ಯಾರಿಗೂ ಏಕೆ ಹೊಳೆಯಲಿಲ್ಲ?" ಎಂಬುದು ಅವನ ಪ್ರಶ್ನೆ. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ದ್ಯುಸೊತ್ವಾರ್‌ಗೆ ಸಂದದ್ದು ಸರಿಯೆಂದೂ ಹೇಳಿದ. ಹಿಂದಿನ ರಾತ್ರಿ ಅತ್ತವನು ಇವನೇನೇ ಎಂದು ನಾನು ನೋಡುತ್ತ ನಿಂತೆ.

ನನಗೆ ಅದು ಬಹಳ ಹಿಡಿಸಿತು. ಉತ್ತರ ಸರಿಯಿದೆಯೆಂದು ಲೆಕ್ಕವನ್ನು ನೋಡದೆ ಅಂಕ ಕೊಡುವ ಮೇಷ್ಟ್ರನ್ನು ನಾನೆಂದೂ ಒಪ್ಪಿದವನಲ್ಲ. ನನ್ನ ತರಗತಿಯಲ್ಲಿ ಕೂತವರಿಗೆಲ್ಲ ಇದು ಗೊತ್ತು. ಕೆಲವರಿಗೆ ಈಗಲೂ ಸಿಟ್ಟಿರಬಹುದು. ಹಂತ ತಪ್ಪಿ ಉತ್ತರ ಸರಿಬಂದರೆ ಅದು ಮುಂದಿನ ಪರೀಕ್ಷೆಯಲ್ಲಿ ಕೈಕೊಡುವ ಉತ್ತರ. ಒಂದಂಕದ ಗೆಲುವು ಹಾಗೆಯೇ. ಆ ಪೆನಾಲ್ಟಿ ಒಂದೆರಡು ಗಜ ಈಚೆ ಬಿದ್ದಿದ್ದರೆ ಅದೇ ಆಟ, ಅದೇ ಹದಿನೈದು ಜನ, ಅದೇ ತಪ್ಪುಗಳು, ಆದರೆ ಸೋಲು. ಸೋತಿದ್ದರೆ ಕೇಳಬಹುದಾಗಿದ್ದ ಪ್ರಶ್ನೆಗಳನ್ನು ಗೆದ್ದಾಗಲೂ ಕೇಳುವವನೇ ಆಟವನ್ನು ನಿಜವಾಗಿ ನೋಡಿದವನು. ಗೆಲುವಿನ ಮರುದಿನ ಬಾಯಿ ಮುಚ್ಚಿಕೊಂಡಿರುವುದೇ ಅಭಿಮಾನ ಎನ್ನುವುದನ್ನು ನಾನು ಒಪ್ಪಲಾರೆ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ 8-0ಕ್ಕೆ ಕಾರಣವಾದ ಪೆನಾಲ್ಟಿಯನ್ನು ಒದ್ದವನು ಯಾರೆಂದು ನಾನಿನ್ನೂ ಹೇಳಿಲ್ಲ.

ಅವನು ಸ್ಟೀಫನ್ ಡೊನಾಲ್ಡ್. ವಿಶ್ವಕಪ್ ತಂಡದ ಮೂಲ ಪಟ್ಟಿಯಲ್ಲಿ ಅವನಿರಲಿಲ್ಲ. ಹತ್ತನೆಯ ಅಂಗಿಯ ಜಾಗ, ಅಂದರೆ ಆಟವನ್ನು ನಡೆಸುವ ಜಾಗ, ಡ್ಯಾನ್ ಕಾರ್ಟರ್‌ನದು. ಕಾರ್ಟರ್ ಅಭ್ಯಾಸದಲ್ಲಿ ತೊಡೆಸಂದಿಯ ಸ್ನಾಯು ಹರಿದುಕೊಂಡ. ಅವನ ಬದಲಿಗೆ ಬಂದ ಕಾಲಿನ್ ಸ್ಲೇಡ್ ಕೂಡ ಗಾಯಗೊಂಡ. ಮೂರನೆಯವನಾದ ಏರನ್ ಕ್ರೂಡೆನ್ ಫೈನಲ್‌ನ ಪ್ರಥಮಾರ್ಧದಲ್ಲೇ ಮೊಣಕಾಲು ತಿರುಚಿಕೊಂಡು ಹೊರನಡೆದ. ಉಳಿದವನು ನಾಲ್ಕನೆಯವನಾದ ಡೊನಾಲ್ಡ್. ತರಬೇತುದಾರ ಗ್ರಹಾಂ ಹೆನ್ರಿ ಕರೆ ಕಳಿಸಿದಾಗ ಅವನು ವೈಕಾಟೊ ನದಿಯಲ್ಲಿ ವೈಟ್‌ಬೇಟ್ ಎಂಬ ಪುಟ್ಟ ಮೀನು ಹಿಡಿಯುತ್ತಿದ್ದನಂತೆ! ಫೈನಲ್‌ನಲ್ಲಿ ಅವನಿಗೆ ಸಿಕ್ಕ ಅಂಗಿ ಎಷ್ಟು ಬಿಗಿಯೆಂದರೆ ಓಡಿದಾಗಲೆಲ್ಲ ಹೊಟ್ಟೆ ಕಾಣಿಸುತ್ತಿತ್ತು.

ಇದು ತಮಾಷೆಯ ಭಾಗ. ಅವನೇಕೆ ಮೀನು ಹಿಡಿಯುತ್ತಿದ್ದ ಎಂಬುದು ತಮಾಷೆಯಲ್ಲ. ಹಿಂದಿನ ವರ್ಷ, 2010ರ ಅಕ್ಟೋಬರ್ 30ರಂದು, ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ ನ್ಯೂಜಿಲೆಂಡ್ 24-26ರಿಂದ ಸೋತಿತ್ತು. ಬದಲಿಯಾಗಿ ಬಂದ ಡೊನಾಲ್ಡ್ ಒಂದು ಪೆನಾಲ್ಟಿ ತಪ್ಪಿಸಿದ. ಕೊನೆಯಲ್ಲಿ ಚೆಂಡನ್ನು ಗೆರೆಯಾಚೆ ಒದ್ದು ಅಪಾಯ ಕಳೆಯಬೇಕಾದಾಗ ಅದು ಒಳಗೇ ಉಳಿಯಿತು. ಆಸ್ಟ್ರೇಲಿಯಾ ಅಂತಿಮ ಕ್ಷಣದಲ್ಲಿ ಟ್ರೈ ಗಳಿಸಿ ಗೆದ್ದಿತು. ಅಂದಿನಿಂದ ಆ ಸೋಲಿಗೆ ಇವನ ಹೆಸರೇ ಅಂಟಿಕೊಂಡಿತು. ಜನರ ಬಾಯಿಗೆ ಸಿಕ್ಕಿ ಹೈರಾಣಾಗಿ, ತಂಡದಿಂದ ದೂರವಾಗಿ, ಇಂಗ್ಲೆಂಡಿನ ಬಾತ್ ಕ್ಲಬ್ಬಿಗೆ ಹೊರಟು ನಿಂತಿದ್ದ. ಅಂಥವನ ಕಾಲಿನಿಂದ ಬಂದ ಮೂರು ಅಂಕಗಳಿಂದ ದೇಶ ಕಪ್ಪು ಗೆದ್ದಿತು. 2014ರಲ್ಲಿ ಅವನ ಬಗ್ಗೆ ಒಂದು ಟಿವಿ ಚಿತ್ರವೂ ಬಂತು.

ಆ ಸಂಜೆ ನಾನು ಬಡಗಿಯನ್ನು ಕೇಳಿದೆ, "ಹೋದ ವರ್ಷ ಹಾಂಗ್‌ಕಾಂಗ್ ಪಂದ್ಯ ಸೋತಾಗ ನೀವು ಡೊನಾಲ್ಡ್ ಬಗ್ಗೆ ಏನೆಂದಿರಿ?" ವೀಪುವಿನ ಒದೆತಗಳಿಗೆ ಲೆಕ್ಕ ಕೊಟ್ಟವನು ಇದಕ್ಕೆ ಉತ್ತರಿಸಲಿಲ್ಲ. ಕತ್ತರಿ ತೆಗೆದುಕೊಂಡು ಒಣಗಿದ ಎರಡು ರೆಂಬೆ ಕತ್ತರಿಸಿದ. ಸ್ವಲ್ಪ ಹೊತ್ತಾದ ಮೇಲೆ, "ಹೇಳಬಾರದ್ದನ್ನು ಹೇಳಿದೆ" ಎಂದ.

ಅಲ್ಲಿಯೇ ಇರುವುದು ವ್ಯತ್ಯಾಸ. ಗೆದ್ದಾಗ ಅವನು ಆಟವನ್ನು ವಿಮರ್ಶಿಸಿದ. ಸೋತಾಗ ಒಬ್ಬ ಮನುಷ್ಯನನ್ನು ಹುಡುಕಿ ಹಿಡಿದ. 2007ರ ಕ್ವಾರ್ಟರ್ ಫೈನಲ್‌ನಲ್ಲಿ ಇದೇ ಫ್ರಾನ್ಸಿಗೆ 18-20ರಿಂದ ಸೋತಾಗ ಅಲ್ಲಿಯ ಜನ ಹುಡುಕಿದ್ದು ರೆಫರಿ ವೇನ್ ಬಾರ್ನ್ಸ್ ಅವರನ್ನು. ಮುಂದಕ್ಕೆ ಹೋದ ಒಂದು ಎಸೆತ ಅವರ ಕಣ್ಣಿಗೆ ಬೀಳಲಿಲ್ಲವೆಂದು ವರ್ಷಗಟ್ಟಲೆ ಶಪಿಸಿದರು. 2023ರ ಅಕ್ಟೋಬರ್ 28ರಂದು ಪ್ಯಾರಿಸ್ ಬಳಿ ನಡೆದ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 11-12ರಿಂದ ಸೋತಾಗ ರೆಫರಿಯಾಗಿದ್ದವರೂ ಅವರೇ. ಅಂದು ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡ್ ಪಡೆದು ಹೊರಗಿದ್ದ. ತಂಡ ಹದಿನಾಲ್ಕೇ ಜನರಿಂದ ಆಡಿ, ಟ್ರೈ ಗಳಿಸಿ, ಒಂದು ಕನ್ವರ್ಷನ್ನನ್ನೂ ಕೊನೆಯ ಹಂತದಲ್ಲಿ ದೂರದ ಒಂದು ಪೆನಾಲ್ಟಿಯನ್ನೂ ತಪ್ಪಿಸಿಕೊಂಡಿತು. 2011ರಲ್ಲಿ ತಪ್ಪಿದ ಒದೆತಗಳಿಗಿಂತ ಇವು ದೊಡ್ಡ ತಪ್ಪುಗಳೇ? ಅಲ್ಲ. ಫಲಿತಾಂಶ ಬೇರೆಯಾಗಿತ್ತು, ಅಷ್ಟೆ. ಬಾರ್ನ್ಸ್ ಅವರಿಗೂ ಅವರ ಮನೆಯವರಿಗೂ ಕೊಲೆ ಬೆದರಿಕೆಗಳು ಬಂದವು. ಪಂದ್ಯ ಮುಗಿದ ವಾರದೊಳಗೆ ಅವರು ನಿವೃತ್ತಿ ಘೋಷಿಸಿದರು.

ಬಡಗಿಯ ಉತ್ತರ ನನಗೆ ಚುಚ್ಚಿದ್ದಕ್ಕೆ ಬೇರೆ ಕಾರಣವಿದೆ. ಇಷ್ಟು ಹೇಳಿದ ಮೇಲೆ ಅದನ್ನು ಮುಚ್ಚಿಡುವುದು ಸರಿಯಲ್ಲ.

1984ರಲ್ಲಿ ನಮ್ಮ ಶಾಲೆಯ ಕಬಡ್ಡಿ ತಂಡ ತಾಲ್ಲೂಕು ಮಟ್ಟದ ಫೈನಲ್ ತಲುಪಿತ್ತು. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ ತಂಡವನ್ನು ಕರೆದೊಯ್ದವನು ನಾನು. ಬೆಳಗಿನ ಸೆಮಿಫೈನಲ್ ಒಂದೇ ಅಂಕದಿಂದ ಗೆದ್ದೆವು. ಮಧ್ಯಾಹ್ನದ ಫೈನಲ್ ಸಮಸಮವಾಗಿದ್ದಾಗ ಕೊನೆಯ ದಾಳಿಗೆ ಹೋದ ಒಂಬತ್ತನೆಯ ತರಗತಿಯ ಹುಡುಗ ಬದಿಯ ಗೆರೆ ತುಳಿದು ಔಟಾದ. ಒಂದಂಕದಿಂದ ಸೋತೆವು. ಮರುದಿನ ಪ್ರಾರ್ಥನೆಯ ನಂತರ ಇಡೀ ಶಾಲೆಯ ಮುಂದೆ ನಾನು, "ಒಬ್ಬನ ಕಾಲಿನಿಂದ ಶಾಲೆಯ ಮರ್ಯಾದೆ ಹೋಯಿತು" ಎಂದೆ. ಮಾತು ಚೆನ್ನಾಗಿದೆಯೆಂದು ಆಗ ಅನ್ನಿಸಿತ್ತು, ನಾಚಿಕೆಯಾಗುತ್ತದೆ. ಆ ಹುಡುಗ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ.

ಬೆಳಗಿನ ಪಂದ್ಯದಲ್ಲಿಯೂ ಅವನು ಅದೇ ಗೆರೆಯನ್ನು ತುಳಿದಿದ್ದ. ಅದೇ ಬಲಗಾಲು. ನಾನು ಕಣ್ಣಾರೆ ಕಂಡಿದ್ದೆ. ಗೆದ್ದಿದ್ದೆವಲ್ಲ, ಯಾರೂ ಏನೂ ಅನ್ನಲಿಲ್ಲ. ಮರದ ನೆರಳಿನಲ್ಲಿ ಕೂತು ಬಾಳೆಹಣ್ಣು ತಿಂದೆವು. ಎರಡು ಪಂದ್ಯಗಳ ನಡುವೆ ಮೂರು ಗಂಟೆ ಬಿಡುವಿತ್ತು. "ಗೆದ್ದದ್ದು ಸರಿ ಮಗು, ತಿರುಗುವಾಗ ನಿನ್ನ ಬಲಗಾಲು ಗೆರೆಗೆ ಹೋಗುತ್ತಿದೆ, ನೋಡಿಕೋ" ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು.

ಕಳೆದ ವಾರ ಫೋನ್ ಮಾಡಿದ ವಿದ್ಯಾರ್ಥಿಯೂ ಆ ತಂಡದಲ್ಲಿದ್ದವನೇ. ಅವನಿಗೆ ಅಂದು ಕೊಡದ ಉತ್ತರ ಇದು. ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ಶಾಲೆಯಲ್ಲಿದ್ದವರಿಗೆಲ್ಲ ಗೊತ್ತು. ಅವನು ಹುಬ್ಬಳ್ಳಿಯ ಕಡೆ ಇದ್ದಾನೆಂದು ಬಹಳ ವರ್ಷಗಳ ಹಿಂದೆ ಯಾರೋ ಹೇಳಿದ್ದರು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ, ಮೇಷ್ಟ್ರು ಮಾತನಾಡಬೇಕಂತೆ ಎಂದು ತಿಳಿಸಿ. ಅವನಿಗೆ ಇಷ್ಟವಿದ್ದರೆ ಮಾತ್ರ ನಂಬರ್ ಕೊಡಿ.